ಬೋರಲು ಮಡಕೆಗಳ ಚಳಿಗಾಲ

ಕಳೆದ ತಿಂಗಳು ಒಂದು ಆರತಕ್ಷತೆಗೆ ಹೋಗಿದ್ದೆ. ಊಟದ ಸಾಲಿನ ಮೊದಲಲ್ಲಿ ಹಸಿ ತರಕಾರಿ ಹೆಚ್ಚಿಟ್ಟ ಮೇಜು. ಸೌತೆಕಾಯಿ ಬಿಲ್ಲೆಗಳ ಪಕ್ಕದಲ್ಲಿ ಅಂಚು ಸುರುಳಿಯಾದ ಒಂದು ಸೊಪ್ಪಿತ್ತು. ಬುಡ ಬಿಳಿ, ನಡು ತಿಳಿಹಳದಿ, ತುದಿ ಮಾತ್ರ ಹಸಿರು. ಬಡಿಸುವವರು "ಲೆಟ್ಯೂಸ್ ಹಾಕ್ಲಾ ಮೇಡಂ?" ಎಂದರು. ಅದು ಲೆಟ್ಯೂಸ್ ಅಲ್ಲ, ಎಂಡೈವ್ ಎಂದು ನನಗೆ ಗೊತ್ತಿತ್ತು. ಒಂದು ಎಲೆ ಬಾಯಿಗಿಟ್ಟೆ. ಅದರ ಕಹಿ ಮೊದಲು ತಿಳಿಯುವುದಿಲ್ಲ, ಅಗಿದು ನುಂಗಿದ ಮೇಲೆ ನಾಲಿಗೆಯ ಹಿಂಭಾಗಕ್ಕೆ ಬರುತ್ತದೆ. ತಟ್ಟೆ ಅಲ್ಲೇ ಇಟ್ಟು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಜನರ ರಕ್ತ ತೆಗೆಯುತ್ತಿರುವವಳು ನಾನು. ಒಂದು ಸೊಪ್ಪಿನೆಲೆಗೆ ಊಟ ಬಿಟ್ಟು ಎದ್ದು ಬರುವವಳಲ್ಲ.

ಆ ಚಳಿಗಾಲದಲ್ಲಿ ಆದದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕಾಣದೆ ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಆಗ ನಾವು ಕುಂಬಾರಕೊಪ್ಪಲಿನಲ್ಲಿ ಬಾಡಿಗೆಗೆ ಇದ್ದೆವು. ನಾನು, ನನ್ನ ಮಾವ ಚಿಕ್ಕೇಗೌಡರು, ನನ್ನ ಗಂಡ. ಗಂಡ ದೂರದ ರೂಟಿನ ಬಸ್ಸಿನಲ್ಲಿ ಕಂಡಕ್ಟರು. ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಾವ ಯಾದವಗಿರಿಯ ಒಂದು ಬಂಗಲೆಯಲ್ಲಿ ಮೂವತ್ತೈದು ವರ್ಷ ಮಾಲಿಯಾಗಿದ್ದವರು. ಆ ಬಂಗಲೆ ಮಾರಾಟವಾಗಿ, ಅದರ ಒಡತಿ ಫ್ಲಾಟಿಗೆ ಹೋಗುವಾಗ, ಒಂದು ಪೊಟ್ಟಣ ಎಂಡೈವ್ ಬೀಜವನ್ನು ಮಾವನ ಕೈಗೆ ಕೊಟ್ಟರಂತೆ. ಮಾವ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. "ಮೊದ್ಲ ಕೊಯ್ಲು ಅಮ್ಮಾವ್ರಿಗೆ" ಎಂದು ಬೀಜ ಹಾಕುವ ಮೊದಲೇ ಹೇಳಿದ್ದರು.

ನಮ್ಮ ಮನೆಯ ಪಕ್ಕಕ್ಕೆ ಕಾಂಪೌಂಡಿನ ಉದ್ದಕ್ಕೂ ನಾಲ್ಕಡಿ ಅಗಲದ ಮಣ್ಣಿನ ಪಟ್ಟಿ ಇತ್ತು. ನಾವು ಬಂದಾಗ ಅದರಲ್ಲಿ ಇಟ್ಟಿಗೆ ಚೂರು, ಸಿಮೆಂಟು ಬಿಟ್ಟರೆ ಏನೂ ಇರಲಿಲ್ಲ. ಹದಿನಾಲ್ಕು ವರ್ಷ ಗೊಬ್ಬರ, ಎಲೆ, ಕೆರೆಯ ಗೋಡುಮಣ್ಣು ಹಾಕಿ ಮಾವ ಅದನ್ನು ಕೈ ಇಟ್ಟರೆ ಮಣಿಕಟ್ಟಿನವರೆಗೆ ಇಳಿಯುವ ಮಣ್ಣು ಮಾಡಿದ್ದರು. ಬೀದಿಯಲ್ಲಿ ಯಾರು ತುಳಸಿ ಇಡಲಿ, ತೆಂಗಿನ ಸಸಿ ಇಡಲಿ, ಮಾವನನ್ನು ಕರೆಯುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎನ್ನುತ್ತಿದ್ದರು.

ಕಾಂಪೌಂಡಿನ ಆಚೆ ಮಹದೇವಮ್ಮನವರ ಮನೆ. ಮಗ ಲೋಕೇಶನಿಗೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸೊಸೆ ರೂಪಾ. ಮಹದೇವಮ್ಮನಿಗೂ ಮಾವನಿಗೂ ಮೊದಲಿಂದ ಅಷ್ಟಕ್ಕಷ್ಟೆ. ಅವರ ಬಚ್ಚಲ ನೀರು ನಮ್ಮ ಪಟ್ಟಿಗೆ ನುಗ್ಗಿದ್ದಕ್ಕೆ ಒಂದು ವರ್ಷ ಮಾತಿರಲಿಲ್ಲ. ರೂಪಾ ಮಾತ್ರ ನನಗೆ ತಂಗಿಯಂತಿದ್ದಳು. ಅವಳಿಗೆ ಮೊದಲ ಬಸಿರು ನಾಲ್ಕನೇ ತಿಂಗಳಲ್ಲಿ ಹೋಗಿತ್ತು. ಎರಡನೇ ಸಲ ನಿಂತಾಗ ಮನೆಯವರಿಗೆ ಹೇಳುವ ಮೊದಲು ನಮ್ಮ ಲ್ಯಾಬಿಗೆ ಬಂದು, "ಭಾಗ್ಯಕ್ಕ, ನೀವೇ ನೋಡಿ ಹೇಳಿ, ಬೇರೆಯೋರು ಬೇಡ" ಎಂದಿದ್ದಳು.

ದಸರಾ ಮುಗಿದು ಮಳೆ ಹಿಂದಾದ ಮೇಲೆ ಮಾವ ಬೀಜ ಹಾಕಿದರು. ಮುರಿದ ಹುಲ್ಲಿನ ಚೂರಿನಂಥ ಬೀಜ. ನಾಲ್ಕು ವಾರಕ್ಕೆ ಸಸಿ ಕಿತ್ತು, ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರ ಕೊಟ್ಟು, ಕಾಂಪೌಂಡಿನ ಬುಡಕ್ಕೆ ಹನ್ನೆರಡು ಸಸಿ ನೆಟ್ಟರು. ರೂಪಾ ಆ ಹೊತ್ತಿಗೆ ತವರಿಗೆ ಹೋಗಿದ್ದಳು. ಹೋಗುವ ಹಿಂದಿನ ದಿನ ಅವಳ ದುಪಟ್ಟ ಕಾಂಪೌಂಡಿನ ಮೇಲಿನ ಗಾಜಿಗೆ ಸಿಕ್ಕಿ ಉದ್ದಕ್ಕೆ ಹರಿದಿತ್ತು. ಹಸಿರು ಬಟ್ಟೆ, ಅದರ ಮೇಲೆ ಸಣ್ಣ ಸಣ್ಣ ಕೆಂಪು ಮಾವಿನಕಾಯಿ. "ಗಾಡಿ ಒರೆಸೋಕೆ ಇಟ್ಕೊಳಿ ಅಕ್ಕ" ಎಂದು ಕೊಟ್ಟಳು. ನಾನು ತೆಗೆದುಕೊಂಡೆ. ಮುಂದಿನದೆಲ್ಲ ಇಲ್ಲಿಂದ ಶುರುವಾಯಿತು.

ಆ ವರ್ಷ ಚಳಿ ಚೆನ್ನಾಗಿತ್ತು. ಗಿಡಗಳು ನೆಲಕ್ಕೆ ಹರಡಿ ಊಟದ ತಟ್ಟೆಯಷ್ಟಾದವು. ಬಸವನಹುಳು ಬಾರದಿರಲೆಂದು ಮಾವ ಪ್ರತಿ ಗಿಡದ ಸುತ್ತ ನೀರೊಲೆಯ ಬೂದಿಯನ್ನು ದುಂಡಗೆ ಚೆಲ್ಲುತ್ತಿದ್ದರು. ಒಂದು ಎಲೆ ಕಿತ್ತು ಕೊಟ್ಟರು. ಬೇವಿನಂಥ ಕಹಿ. ನಾನು ಉಗಿದೆ.

"ಈಗ್ಲೇ ತಿಂದ್ರೆ ಅಂಗೇ" ಎಂದು ನಕ್ಕರು. "ಹದಿನೈದು ದಿನ ಕತ್ಲೇಲಿ ಇಡ್ಬೇಕು. ಕಹಿ ಇಳೀತದೆ."

ಸಂಕ್ರಾಂತಿಗೆ ಎಂಟು ದಿನವಿತ್ತು. ಇಬ್ಬನಿ ಒಣಗಿದ ಮಧ್ಯಾಹ್ನ ನೋಡಿ, ಎಲೆಗಳನ್ನು ಜುಟ್ಟು ಹಿಡಿದಂತೆ ಒಟ್ಟುಗೂಡಿಸಿ, "ಮೆತ್ತನೆ ಬಟ್ಟೆ ಕೊಡಮ್ಮ, ದಾರ ಕಟ್ಟಿದ್ರೆ ಎಲೆ ಕೊಯ್ತದೆ" ಎಂದರು. ನಾನು ಒಳಗೆ ಹೋಗಿ ಕೈಗೆ ಸಿಕ್ಕಿದ ದುಪಟ್ಟ ತಂದುಕೊಟ್ಟೆ. ಅವರು ಅದನ್ನು ಪಟ್ಟಿ ಪಟ್ಟಿಯಾಗಿ ಹರಿದು ಗಿಡಗಳನ್ನು ಕಟ್ಟಿ, ಮೇಲೆ ಕಪ್ಪು ಮಡಕೆ ಬೋರಲು ಹಾಕಿ, ಗಾಳಿಗೆ ಉರುಳದಿರಲು ಕಲ್ಲಿಟ್ಟರು. ಎಲ್ಲ ಒಂದೇ ಸಲ ಕೊಯ್ಲಿಗೆ ಬರಬಾರದೆಂದು ಎರಡು ದಿನಕ್ಕೆ ಮೂರರಂತೆ ಮುಚ್ಚಿದರು. ಯಾವುದು ಯಾವಾಗ ಮುಚ್ಚಿದ್ದು ಎಂದು ಗುರುತಿಗೆ ಮಡಕೆಯ ಮೇಲೆ ಸುಣ್ಣದ ಬೊಟ್ಟು. ಮೊದಲ ಮೂರಕ್ಕೆ ಒಂದು, ಆಮೇಲಿನವಕ್ಕೆ ಎರಡು, ಮೂರು, ನಾಲ್ಕು.

ಈಗ ಬರೆಯುವಾಗ ನನಗೆ ಕಾಣುತ್ತದೆ. ಬೂದಿಯ ವೃತ್ತ, ಕಪ್ಪು ಮಡಕೆ, ಸುಣ್ಣದ ಬೊಟ್ಟು, ಮೇಲೆ ಕಲ್ಲು, ಒಳಗೆ ಬಸುರಿಯ ಬಟ್ಟೆ. ಆಗ ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲಿ ಓಡಾಡಿದರೂ ನನಗೆ ಕಂಡದ್ದು ಸೊಪ್ಪಿನ ಮಡಿ ಮಾತ್ರ.

ಮಹದೇವಮ್ಮ ಗೋಡೆಯ ಆಚೆಯಿಂದ ಕೇಳಿದ್ದು ನಾನಿದ್ದಾಗಲೇ. "ಏನ್ ಗೌಡ್ರೇ ಅದು, ಮಡಕೆ ಮುಚ್ಚಿರೋದು?"

ಮಾವ ತಲೆ ಎತ್ತಲಿಲ್ಲ. "ಹದಿನೈದು ದಿನ ಬೆಳಕು ಬೀಳ್ಬಾರ್ದು. ಯಾರೂ ಮುಟ್ಬೇಡಿ."

ಇಷ್ಟೇ ಹೇಳಿದ್ದು. ಬಚ್ಚಲ ನೀರಿನ ಸಿಟ್ಟು ಅವರ ಗಂಟಲಲ್ಲಿ ಇನ್ನೂ ಇತ್ತು. ಸೊಪ್ಪು ಎಂಬ ಒಂದು ಮಾತು ನಾನಾದರೂ ಸೇರಿಸಬಹುದಿತ್ತು. ಲ್ಯಾಬಿಗೆ ಹೊತ್ತಾಗಿತ್ತು. ಗಾಡಿ ತೆಗೆದು ಹೊರಟೆ.

ರೂಪಾ ತವರಿಂದ ಬಂದಳು. ಏಳು ತುಂಬಿತ್ತು. ಮುಖ ಊದಿತ್ತು. ಕಾಲುಂಗುರ ಮಾಂಸದೊಳಗೆ ಹೂತುಹೋಗಿದ್ದವು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ತಟ್ಟೆ ಹಿಡಿದು ಹೋದೆ. ಮಹದೇವಮ್ಮ ಬಾಗಿಲಲ್ಲೇ ತಡೆದು, "ಅಲ್ಲಿ ಕಟ್ಟೆ ಮೇಲಿಟ್ಟು ಹೋಗಿ" ಎಂದರು. ಅವರ ಮನೆಯಿಂದ ನಮಗೆ ಎಳ್ಳು ಬರಲಿಲ್ಲ. ಸಂಜೆ ನೋಡಿದರೆ ನಮ್ಮ ತಟ್ಟೆ ಕಾಂಪೌಂಡಿನ ಮೇಲೆ ಇತ್ತು. ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲ್ಲ ಇಟ್ಟಂತೆಯೇ. ಇರುವೆ ಮುತ್ತಿತ್ತು.

ಮೂರು ದಿನ ಕಳೆದು, ಬೆಳಗ್ಗೆ ಏಳೂವರೆಗೆ, ಮಡಕೆ ಒಡೆದ ಸದ್ದು ಕೇಳಿ ಹೊರಗೆ ಬಂದೆ. ಮಹದೇವಮ್ಮ ಗೋಡೆಯ ಆಚೆ ಸ್ಟೂಲಿನ ಮೇಲೆ ನಿಂತು ಜೇಡರಬಲೆ ತೆಗೆಯುವ ಉದ್ದನೆಯ ಕೋಲಿನಿಂದ ಮೂರು ಬೊಟ್ಟಿನ ಒಂದು ಮಡಕೆಯನ್ನು ಉರುಳಿಸಿದ್ದರು. ಗಿಡ ನಡುವೆ ಬೆಳ್ಳಗಾಗಿ, ಹಸಿರು ಬಟ್ಟೆಯ ಬಿಗಿತದಲ್ಲಿ ನೆಟ್ಟಗೆ ನಿಂತಿತ್ತು. ರೂಪಾ ಅತ್ತೆಯ ಪಕ್ಕದಲ್ಲಿ ನಿಂತು ಇಣುಕಿದಳು. ಕೆಂಪು ಮಾವಿನಕಾಯಿಗಳನ್ನು ಅವಳು ಗುರುತಿಸಿದ ಗಳಿಗೆ ನನಗೆ ಕಂಡಿತು. ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡಳು. ನನ್ನನ್ನು ನೋಡಿದಳು.

ಎಂಟು ಗಂಟೆಗೆ ನಮ್ಮ ಗೇಟಿನ ಮುಂದೆ ಹತ್ತು ಹನ್ನೆರಡು ಜನ.

"ಅವಳ ಬಟ್ಟೆ ನಿಮ್ಮ ಮಡಕೆ ಒಳಗೆ ಯಾಕೆ ಬಂತು? ಅದು ಹೇಳಿ ಸಾಕು" ಎಂದರು ಮಹದೇವಮ್ಮ.

"ಅವಳೇ ಕೊಟ್ಟಿದ್ದು, ಗಾಡಿ ಒರೆಸೋಕೆ" ಎಂದೆ.

"ಗಾಡಿ ಒರೆಸೋಕೆ ಕೊಟ್ಟಿದ್ದು ಮಣ್ಣೊಳಗೆ ಹೋಯ್ತಾ? ನಿಮಗೆ ಮಕ್ಕಳಿಲ್ಲ ಅಂತ ಇನ್ನೊಬ್ಬರ ಹೊಟ್ಟೆಗೆ ಕೈ ಹಾಕ್ತೀರಾ?"

ಆ ಮಾತಿಗೆ ಬೀದಿಯಲ್ಲಿ ಯಾರೂ ಸುಮ್ಮನಿರಿ ಎನ್ನಲಿಲ್ಲ. ಇದನ್ನೂ ಬರೆಯಬೇಕು.

ಮಾವ ಮಡಿಯೊಳಗೆ ಹೋಗಿ ಆ ಗಿಡದಿಂದ ಬಿಳಿ ಎಲೆ ಕಿತ್ತು ತಂದು ಗೇಟಿನಲ್ಲಿ ನಿಂತು ತಿಂದರು. "ಸೊಪ್ಪು ಕಣ್ರೀ ಇದು. ದೊಡ್ಡ ಹೋಟ್ಲಲ್ಲಿ ತಿಂತಾರೆ. ನೋಡಿ, ತಿಂದೆ."

"ಮಾಡಿದೋರಿಗೆ ಎಲ್ಲಿ ತಗಲ್ತದೆ" ಎಂದರು ಮಹದೇವಮ್ಮ.

"ಅಂಗಾದ್ರೆ ನೀವು ತಿನ್ನಿ." ಮಾವ ಎಲೆ ಚಾಚಿದರು. ಗುಂಪು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

ಗೇಟು ಹಾಕಿದ ಮೇಲೆ ನಾನು ಮಾವನಿಗೆ ಹೇಳಿದೆ, "ಮಡಕೆ ತೆಗೆದುಬಿಡೋಣ."

"ಯಾಕ್ ತೆಗೀಲಿ? ತಪ್ಪು ಮಾಡಿದೋರು ತೆಗೀತಾರೆ. ಮೊದಲ್ನೇ ಮೂರಕ್ಕೆ ಇನ್ನು ನಾಲ್ಕು ದಿನ."

ಆ ನಾಲ್ಕು ದಿನ ನಮ್ಮ ಗೇಟಿನ ಮುಂದೆ ದಿನಾ ಬೆಳಗ್ಗೆ ಕುಯ್ದ ನಿಂಬೆಹಣ್ಣು, ಕುಂಕುಮ. ಮಾವ ಕಾಲಲ್ಲಿ ಪಕ್ಕಕ್ಕೆ ತಳ್ಳಿ ಹಾಲು ತರಲು ಹೋಗುತ್ತಿದ್ದರು. ಅವರು ಎದುರಾದರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಲೋಕೇಶ ನಮ್ಮ ಲ್ಯಾಬಿಗೆ ಬಂದ. ತಿಂಗಳ ತಪಾಸಣೆಗೆ ಡಾಕ್ಟರು ಬರೆದಿದ್ದ ರೂಪಾಳ ಮೂತ್ರ ಪರೀಕ್ಷೆ. ಆ ಡಾಕ್ಟರು ಕಳಿಸುವುದು ನಮ್ಮ ಲ್ಯಾಬಿಗೇ. ಕೌಂಟರಿನಲ್ಲಿ ಬಾಟಲಿ ಇಟ್ಟು, ನನ್ನನ್ನು ನೋಡಿದವನೇ ಹೊರಟುಹೋದ. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಪ್ರೋಟೀನಿನ ಚೌಕ ಕಡು ಹಸಿರಿಗೆ ತಿರುಗಿತು. ಹೊಸ ಪಟ್ಟಿಯಲ್ಲಿ ಮತ್ತೆ ನೋಡಿದೆ. ಅದೇ. ಮೂರು ಪ್ಲಸ್. ಊದಿದ ಮುಖ, ಊದಿದ ಕಾಲು, ಈಗ ಇದು. ಬಸುರಿಯಲ್ಲಿ ಈ ಮೂರೂ ಸೇರಿದರೆ ರಕ್ತದೊತ್ತಡ ಏರಿದೆ ಎಂದೇ ಲೆಕ್ಕ. ತಡವಾದರೆ ಫಿಟ್ಸ್. ತಾಯಿಯೂ ಇಲ್ಲ, ಮಗುವೂ ಇಲ್ಲ.

ನಾನು ಲೋಕೇಶನಿಗೆ ಫೋನ್ ಮಾಡಿದೆ. ದನಿ ಕೇಳಿ ಇಟ್ಟುಬಿಟ್ಟ. ಲ್ಯಾಬಿನ ಡಾಕ್ಟರು ಅವಳನ್ನು ನೋಡುವ ಡಾಕ್ಟರಿಗೆ ತಿಳಿಸಿದರು. ಅವರು ಲೋಕೇಶನಿಗೆ ಮಾಡಿ, ಈಗಲೇ ಅಡ್ಮಿಟ್ ಮಾಡಿ ಎಂದರಂತೆ. ಉತ್ತರ ನಮ್ಮ ಡಾಕ್ಟರ ಮೂಲಕ ನನಗೆ ಬಂತು. ಅವರ ಊರ ಕಡೆ ಮಾಟ ತೆಗೆಯುವವರೊಬ್ಬರು ಇದ್ದಾರೆ, ಅಮಾವಾಸ್ಯೆಗೆ ಬರುತ್ತಾರೆ, ಅಲ್ಲಿಯವರೆಗೆ ಬಸುರಿ ಹೊಸಿಲು ದಾಟಬಾರದು ಎಂದಿದ್ದಾರೆ. ಜೊತೆಗೆ ಲೋಕೇಶ ಇನ್ನೊಂದು ಮಾತು ಹೇಳಿದ್ದನಂತೆ. "ಆ ರಿಪೋರ್ಟ್ ಬರ್ದಿರೋಳೇ ಮಾಡಿರೋಳು ಸಾರ್. ಅದನ್ನ ಎಂಗೆ ನಂಬ್ಲಿ?"

ಅಮಾವಾಸ್ಯೆಗೆ ಮೂರು ದಿನ ಇತ್ತು.

ಅರ್ಧ ದಿನದ ರಜ ಹಾಕಿ ಒಂದೂವರೆಗೆ ಮನೆಗೆ ಬಂದೆ. ಮಾವ ಇರಲಿಲ್ಲ. ಮೊದಲ ಮೂರು ಗಿಡ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಮ್ಮಾವ್ರ ಫ್ಲಾಟಿಗೆ ಹೋಗಿದ್ದರು. ಕೊಯ್ದ ಬುಡಗಳಿಂದ ಬಿಳಿ ಹಾಲು ಒಸರುತ್ತಿತ್ತು. ಪಟ್ಟಿಯಲ್ಲಿ ಒಂಬತ್ತು ಗಿಡ ಉಳಿದಿದ್ದವು. ನಾನು ಸೆರಗು ಸಿಕ್ಕಿಸಿ ಒಂದೊಂದಾಗಿ ಬೇರು ಸಮೇತ ಕಿತ್ತೆ. ಬಟ್ಟೆ ಬಿಚ್ಚಿದೆ. ಬೂದಿ ಗುಡಿಸಿದೆ. ಮಡಕೆ, ಗಿಡ, ಬಟ್ಟೆ ಎಲ್ಲ ಗೋಣಿಚೀಲಕ್ಕೆ ತುಂಬಿ, ಗಾಡಿಯಲ್ಲಿ ಮೂರು ಸಲ ಹೋಗಿ ಬೀದಿ ಕೊನೆಗೆ ಹಾಕಿ ಬಂದೆ. ಕಸದ ಟ್ರ್ಯಾಕ್ಟರು ನಿಲ್ಲುವುದು ಅಲ್ಲಿ. ಮುರಿದದ್ದು, ಬೇಡದ್ದು ಎಲ್ಲರೂ ಹಾಕುವುದೂ ಅಲ್ಲೇ. ಅದು ಮೂರು ದಾರಿ ಕೂಡುವ ಜಾಗ ಎಂಬುದು ನನಗೆ ಹೊಳೆದದ್ದು ಮೂರನೇ ಸಲ ಚೀಲ ಸುರಿಯುವಾಗ. ಎದುರಿಗೆ ತಳ್ಳುಗಾಡಿ ನಿಲ್ಲಿಸಿದ್ದ ಹೂವಿನಾಕೆ ನನ್ನನ್ನೂ ಮಡಕೆಗಳನ್ನೂ ನೋಡಿ, ಬಾಯಿಗೆ ಸೆರಗು ಹಿಡಿದು, ಗಾಡಿ ತಿರುಗಿಸಿದಳು. ದೃಷ್ಟಿಗೆ ಇಳಿ ತೆಗೆದದ್ದನ್ನು ಹಾಕುವುದು ಅಲ್ಲಿಗೇ. ಮಾಟ ಬಿಡಿಸಿ ಬಿಡುವುದೂ ಅಲ್ಲಿಗೇ.

ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಹದೇವಮ್ಮ ತಮ್ಮ ಗೇಟಿನ ಹೊರಗೆ ನಿಂತಿದ್ದರು. ಲೋಕೇಶ ಹಿಂದೆ. ಬಾಗಿಲ ಚೌಕಟ್ಟಿಗೆ ಒರಗಿ ರೂಪಾ ನೆಲದಲ್ಲಿ ಕೂತಿದ್ದಳು, ಹೊಸಿಲಿನ ಒಳಗೆ.

"ಏನೂ ಇಲ್ದಿದ್ರೆ ಮೂರು ದಾರೀಲಿ ಯಾಕಮ್ಮ ಬಿಟ್ಟು ಬಂದೆ?" ಎಂದರು ಮಹದೇವಮ್ಮ. ದನಿ ಎತ್ತಿರಲಿಲ್ಲ. ಗೆದ್ದವರ ದನಿ.

ಉತ್ತರ ನನ್ನಲ್ಲಿತ್ತು. ಕಸದ ಟ್ರ್ಯಾಕ್ಟರು ಬರುವುದು ಅಲ್ಲಿಗೆ ಅಂತ. ಅದು ನಿಜ. ಅಷ್ಟರಲ್ಲಿ ರೂಪಾ ಹಣೆ ಒತ್ತಿಕೊಂಡು, ಯಾರಿಗೂ ಅಲ್ಲದಂತೆ ಹೇಳಿದಳು, "ಅತ್ತೆ, ಕಣ್ಮುಂದೆ ಮಿಂಚು ಮಿಂಚು ಬರ್ತಾ ಅದೆ."

ಕಣ್ಣ ಮುಂದೆ ಮಿಂಚು ಬಂದ ಮೇಲೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಮೂರು ದಿನವಲ್ಲ, ಮೂರು ಗಂಟೆ ಇದೆಯೋ ಇಲ್ಲವೋ.

"ಮಾಡಿದ್ದು ನಾವೇ" ಎಂದೆ.

ಲೋಕೇಶ ಮುಂದೆ ಬಂದ. ನಾನು ನಿಲ್ಲಿಸಲಿಲ್ಲ. "ನಾವೇ ಮಾಡಿದ್ವಿ. ಈಗ ಬೇರು ಸಮೇತ ತೆಗೆದೆ. ಒಂದೂ ಉಳಿದಿಲ್ಲ, ಬಂದು ನೋಡಿ. ಇನ್ನು ಅವಳು ಹೊಸಿಲು ದಾಟಬಹುದು. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಮಾವಾಸ್ಯೆ ತನಕ ಬೇಡ."

"ತಾಳಿ ಹಿಡಿದು ಹೇಳು, ಪೂರ್ತಿ ತೆಗೆದಿದ್ದೀಯ ಅಂತ" ಎಂದರು ಮಹದೇವಮ್ಮ.

ತಾಳಿ ಹಿಡಿದೆ. "ಪೂರ್ತಿ ತೆಗೆದಿದ್ದೀನಿ."

ಮಹದೇವಮ್ಮ ನನ್ನ ಕೆನ್ನೆಗೆ ಹೊಡೆದರು. ಬಳೆ ತಗುಲಿ ಕಿವಿಯ ಹತ್ತಿರ ಗೀರಿತು. ಆಮೇಲೆ ತಿರುಗಿ, "ಲೋಕೇಶ, ಆಟೋ ಕರಿ" ಎಂದರು. ಆ ಮಾತು ಕೇಳಿದ ಮೇಲೇ ನನಗೆ ನೋವು ತಿಳಿದದ್ದು.

ಆಮೇಲಿನದು ಡಾಕ್ಟರಿಂದ ಕೇಳಿದ್ದು. ಆಸ್ಪತ್ರೆಯ ಮೆಟ್ಟಿಲಲ್ಲೇ ರೂಪಾಳಿಗೆ ಫಿಟ್ಸ್ ಬಂತು. ಸಂಜೆಯೊಳಗೆ ಆಪರೇಷನ್ ಆಯಿತು. ಹೆಣ್ಣು ಮಗು, ಒಂದು ಕಿಲೋ ಆರು ನೂರು ಗ್ರಾಂ. ಇಬ್ಬರೂ ಉಳಿದರು.

ಮಾವ ಐದು ಗಂಟೆಗೆ ಬಂದರು. ಖಾಲಿ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ನಾನು ಎಲ್ಲ ಹೇಳಿದೆ, ಒಂದು ಮಾತೂ ಬಿಡದೆ.

"ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಒಪ್ತಿದ್ರಾ ಮಾವ?"

"ಇಲ್ಲ." ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದರು. "ಸೊಪ್ಪು ಹೋಗ್ಲಿ ಬುಡು. ಅದು ಇನ್ನೊಂದು ವರ್ಷ ಬರ್ತದೆ. ನನ್ನ ಕೈನ ಮಾಟಗಾರನ ಕೈ ಮಾಡ್ಬುಟ್ಟೆ ನೀನು."

ಆ ದಿನದಿಂದ ನಾನು ಬಡಿಸಿದ್ದನ್ನು ತಿಂದರು, ಮಾತಾಡಲಿಲ್ಲ. ನನ್ನ ಗಂಡ ಡ್ಯೂಟಿ ಮುಗಿಸಿ ಬಂದವರು ಎಲ್ಲ ಕೇಳಿ, "ಸುಳ್ಳು ಆಣೆ ಹಾಕಿ ಎರಡು ದಿನ ಆಯ್ತಲ್ಲ, ನಾನಿನ್ನೂ ಇದ್ದೀನಿ" ಎಂದರು. ನಗಿಸಲು ಹೇಳಿದ್ದು. ಮನೆಯಲ್ಲಿ ಯಾರೂ ನಗಲಿಲ್ಲ.

ಬೀದಿ ನಮ್ಮನ್ನು ಬಿಟ್ಟಿತು. ಕರಿಬೇವಿಗೆ ಬರುತ್ತಿದ್ದವರು ಬರಲಿಲ್ಲ. ಮಾವ ನೆಟ್ಟಿದ್ದ ತುಳಸಿಯನ್ನು ಎದುರು ಮನೆಯವರು ಕಿತ್ತು ಹಾಕಿದ್ದನ್ನು ನಾನೇ ಕಂಡೆ. ತೊಂಬತ್ತು ದಾಟಿದ ಒಂದು ಮುದುಕಿ ಮಾತ್ರ ಒಮ್ಮೆ ಮಾವನ ಹತ್ತಿರ ಬಂದಿದ್ದಳು. ತನ್ನ ಓರಗಿತ್ತಿಗೆ ಏನಾದರೂ ಮಾಡಿಕೊಡಲು ಆಗುತ್ತದಾ ಎಂದು ಕೇಳಲು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮಹದೇವಮ್ಮ ಮಠಕ್ಕೆ ಹೋದದ್ದು ನೋಡಿ, ರೂಪಾಳ ಬಾಗಿಲು ತಟ್ಟಿದೆ. ನಿಜ ಹೇಳಬೇಕಿತ್ತು. ಅವಳು ಬಾಗಿಲು ಅರ್ಧ ತೆಗೆದು, ಮಗುವನ್ನು ಹೆಗಲ ಮೇಲೆ ಆ ಕಡೆಗೆ ತಿರುಗಿಸಿಕೊಂಡು ನಿಂತಳು. ಮಗುವಿನ ಕೊರಳ ಹಿಂಭಾಗ ಕಂಡಿತು. ಮೈ ತುಂಬಿಕೊಳ್ಳುತ್ತಿತ್ತು.

"ರೂಪಾ, ಅವತ್ತು ನಾನು ಹೇಳಿದ್ದು ಸುಳ್ಳು. ನೀನು ಆಸ್ಪತ್ರೆಗೆ ಹೋಗಲಿ ಅಂತ ಹೇಳಿದ್ದು. ಅದು ಬರೀ ಸೊಪ್ಪು. ನಿನಗಾಗಿದ್ದು ಬಿ.ಪಿ."

ಅವಳು ಪೂರ್ತಿ ಕೇಳಿಸಿಕೊಂಡಳು. "ನೀವು ತೆಗೆದ್ರಿ. ಸಂಜೆ ಒಳಗೆ ನನ್ನ ಮಗು ಹುಟ್ತು, ಉಳೀತು. ಮಾಡಿಲ್ದೇ ಇದ್ರೆ ತೆಗೆದ ತಕ್ಷಣ ಎಂಗೆ ಸರಿಹೋಯ್ತು?"

"ಡಾಕ್ಟ್ರು ಸರಿ ಮಾಡಿದ್ದು."

"ಡಾಕ್ಟ್ರು ಮೊದಲನೇ ಸಲಾನೂ ಇದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮೇಲೆ ಜಗಳ ಬೇಡ ಭಾಗ್ಯಕ್ಕ. ನನಗೆ ಈಗ ಗೊತ್ತಾಯ್ತು. ಈ ಮಗೀಗೆ ಮೈ ಬಿಸಿ ಆದ್ರೂ ಮೊದಲು ನಿಮ್ಮ ಗೋಡೆ ಆಚೆ ಇಣುಕಿ ನೋಡ್ತೀನಿ. ಆಮೇಲೆ ಬೇರೆ ಮಾತು." ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಎರಡು ಸಲ ಕೇಳಿತು.

ಮನೆಗೆ ಬಂದು ಅವಳು ಅಂದದ್ದನ್ನು ಮಾವನಿಗೆ ಹೇಳಿದೆ. ಮೂರು ತಿಂಗಳಲ್ಲಿ ನಾನಾಗಿ ಅವರಿಗೆ ಹೇಳಿದ ಮೊದಲ ಮಾತು ಅದು. ಅವರು ಪಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದರು. ಏನೂ ನೆಟ್ಟಿರಲಿಲ್ಲ, ಸುಮ್ಮನೆ ಕೆದಕುತ್ತಿದ್ದರು.

"ಮೊದ್ಲು ಇಲ್ಲಿ ನೋಡ್ತಾಳಂತಾ?"

"ಹೂಂ ಮಾವ."

"ನೋಡೋ ಹೊತ್ತಿಗೆ ಮಗೀಗೆ ಜ್ವರ ಏರ್ತದೆ."

"ಏರ್ತದೆ."

ಕೈಯ ಮಣ್ಣು ಕೊಡವಿಕೊಂಡು ಎದ್ದರು. "ಮನೆ ನೋಡು."

ದಟ್ಟಗಳ್ಳಿಯಲ್ಲಿ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಮಣ್ಣಿಲ್ಲ, ಬಾಲ್ಕನಿಯೂ ಇಲ್ಲ. ಮುಂಗಾರಿಗೆ ಮೊದಲು, ಒಂದು ಭಾನುವಾರ, ಸಾಮಾನು ಟೆಂಪೋಗೆ ಏರಿತು. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಟೆಂಪೋ ಹೊರಡುವಾಗ ಮಹದೇವಮ್ಮ ಬಿಂದಿಗೆ ತಂದು, ನಾವು ನಿಂತಿದ್ದ ಜಾಗಕ್ಕೆ ಸಗಣಿ ನೀರು ಸುರಿದು ಪೊರಕೆಯಲ್ಲಿ ತೊಳೆಯತೊಡಗಿದರು. ನನಗೆ ಇಳಿದು ಏನಾದರೂ ಅಂದುಬಿಡಬೇಕು ಎನ್ನಿಸಿತು. ಮಾವ ನನ್ನ ಮೊಣಕೈ ಹಿಡಿದರು.

"ತೊಳ್ಕೊಳ್ಳಿ ಬುಡು. ಇನ್ನು ಮಗೀಗೆ ಜ್ವರ ಬಂದ್ರೆ ನೆಟ್ಟಗೆ ಡಾಕ್ಟ್ರ ತಾವ್ಕೆ ಓಯ್ತಾರೆ."